ಪಟ್ಟಿಗೆ ಬಾರದ ಕಾಲು

ಚಳಿ ಇನ್ನೇನು ಕಂಬಳಿ ಮಡಚಿಕೊಂಡು ಹೊರಡುವ ದಿನಗಳು. ಬೆಳಗಿನ ಬಿಸಿಲು ಕಿಟಕಿಯಿಂದಿಳಿದು ಮುಂದಿನ ಕೋಣೆಯ ಬೆಂಚನ್ನು ಮುಟ್ಟುವ ಹೊತ್ತು. ಕಂಡಕ್ಟರಮ್ಮ ಆ ಬೆಂಚಿನ ಮೇಲೆ ಕೂತು ಹೊಸ ಕಾಲನ್ನು ಬಿಚ್ಚಿ ಪಕ್ಕಕ್ಕಿಟ್ಟು, ಬಲ ಮೊಣಕಾಲಿನ ಕೆಳಗೆ ಉಳಿದಿದ್ದ ಮೋಟು ಕಾಲನ್ನು ಬೆಳಕಿಗೆ ಹಿಡಿದಳು. ಹೊರಮಗ್ಗುಲಲ್ಲಿ, ಎಲುಬಿನ ತುದಿ ಗೋಲಿಯಂತೆ ಉಬ್ಬಿರುವ ಕಡೆ ಕೆಂಪಗೆ ಕಂದಿತ್ತು. ಮೊದಲ ಸಲ ಹಾಕಿ ನೋಡಿದಾಗಲೂ ಅಲ್ಲೇ ಕಂದಿತ್ತು, ಎರಡನೆಯ ಸಲವೂ ಅಲ್ಲೇ. ಇದು ಮೂರನೆಯದು.

"ತಂಗೀ, ಇದು ಗುರುತಿಟ್ಟುಕೊಂಡು ಒಂದೇ ಕಡೆ ಚುಚ್ಚುತ್ತೆ, ನಮ್ಮ ಓರಗಿತ್ತಿ ಮಾತಿನ ಹಾಗೆ" ಅಂದಳು ಕಂಡಕ್ಟರಮ್ಮ.

ಅವಳು ತಂಗಿ ಅಂದದ್ದು ಆ ಮನೆಯ ಅಕ್ಕನಿಗೆ. ಅದು ಕಾಲು ಮಾಡುವ ಮನೆ. ಮೇಲೆ ವಾಸ, ಕೆಳಗೆ ಕೆಲಸ. ಕಾಲು ಕಳೆದುಕೊಂಡವರನ್ನು ಆಸ್ಪತ್ರೆಯವರು ಅಲ್ಲಿಗೆ ಕಳಿಸುತ್ತಿದ್ದರು. ಹೊಸ ಕಾಲಿನಲ್ಲಿ ಪಾದ, ಕೊಳವೆ, ಬೆಲ್ಟು ಎಲ್ಲ ಇದ್ದರೂ, ಅದರ ಜೀವವಿರುವುದು ಮೇಲಿನ ಬಟ್ಟಲಿನಲ್ಲಿ, ಮೋಟು ಕಾಲು ಹೋಗಿ ಕೂರುವ ಜಾಗದಲ್ಲಿ. ಆ ಬಟ್ಟಲಿನ ಆಕಾರ ತೆಗೆಯುವುದು ಅಕ್ಕನ ಕೆಲಸ. ಕೈಯಲ್ಲಿ ಹಿಡಿಯುವ ಸ್ಕ್ಯಾನರನ್ನು ಕಾಲಿನ ಸುತ್ತ ಆಡಿಸಿ, ಬಂದ ಆಕಾರವನ್ನು ನಡುಕೋಣೆಯ ಕಂಪ್ಯೂಟರಿನಲ್ಲಿ ತಿದ್ದುತ್ತಿದ್ದಳು. ಎಲುಬು ಇರುವ ಕಡೆ ಜಾಗ ಬಿಡಬೇಕು, ಮಾಂಸ ಭಾರ ಹೊರುವ ಕಡೆ ಒತ್ತಬೇಕು. ಹಿಂದಿನ ಶೆಡ್ಡಿನಲ್ಲಿ ಕೆತ್ತುವ ಯಂತ್ರ, ಅದರ ಪಕ್ಕ ಇನ್ನೊಂದು ಕಂಪ್ಯೂಟರು. ಅದು ತಮ್ಮನ ರಾಜ್ಯ. ಅಕ್ಕ ಕಳಿಸಿದ ಆಕಾರವನ್ನು ಅವನು ಬಿಳಿ ಫೋಮಿನ ದಿಮ್ಮಿಯಲ್ಲಿ ಅಚ್ಚಾಗಿ ಕೆತ್ತಿಸಿ, ಆ ಅಚ್ಚಿನ ಮೇಲೆ ಕಾಯಿಸಿದ ಪ್ಲಾಸ್ಟಿಕ್ಕನ್ನು ಇಳಿಬಿಟ್ಟು ಬಟ್ಟಲು ಮಾಡುತ್ತಿದ್ದ. ನಡುಕೋಣೆಯ ಮೂಲೆಯಲ್ಲಿ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ಬೆಲ್ಟು ಹೊಲಿಯುತ್ತಿದ್ದಳು. ಇದನ್ನೆಲ್ಲ ಕಟ್ಟಿದ ಅಪ್ಪ ಹೋದ ಮಳೆಗಾಲದಲ್ಲಿ ತೀರಿಕೊಂಡಿದ್ದರು.

"ಅಲ್ಲಿ ಜಾಗ ಬಿಟ್ಟಿದೀನಲ್ಲ ಕಂಡಕ್ಟರಮ್ಮ" ಅಂದಳು ಅಕ್ಕ. "ಮೊದಲೇ ಬಿಟ್ಟಿದ್ದೆ. ಆಮೇಲೆ ಇನ್ನೂ ಬಿಟ್ಟೆ. ನಿನ್ನೆ ಅಂತೂ ಒಂದು ಬೆರಳು ಹೋಗುವಷ್ಟು ಬಿಟ್ಟೆ."

"ನೀನು ಬಿಟ್ಟಿದೀಯ ತಾಯಿ, ಅದು ಬಿಟ್ಟಿಲ್ಲ."

ಕಂಡಕ್ಟರಮ್ಮ ನಕ್ಕಳೇನೋ ಸರಿ, ಆದರೆ ನಗು ತುಟಿ ದಾಟಲಿಲ್ಲ. ಡಿಪೋದ ಅಂಗಳದಲ್ಲಿ ಹಿಂದಕ್ಕೆ ಬಂದ ಬಸ್ಸೊಂದು ಅವಳ ಕಾಲನ್ನು ತೆಗೆದುಕೊಂಡಿತ್ತು. ಡಿಪೋದ ಸಾಹೇಬರು ಒಳ್ಳೆಯವರೇ, ಕೌಂಟರಿನಲ್ಲಿ ಕುರ್ಚಿ ಹಾಕಿಕೊಡುತ್ತೇನೆ ಅಂದಿದ್ದರು. ಇವಳಿಗೆ ಕುರ್ಚಿ ಬೇಡ. "ಕೂತು ತಿನ್ನೋಕೆ ನಾನೇನು ಬೆಕ್ಕಾ? ನನ್ನ ಚೀಲ ನನಗೆ ಕೊಡಿ, ನನ್ನ ಬಸ್ಸು ನನಗೆ ಕೊಡಿ" ಅಂತ ಹಟ ಹಿಡಿದಿದ್ದಳು. ಕೊನೆಗೆ ಸಾಹೇಬರು ಒಂದು ಮಾತು ಹೇಳಿದ್ದರು: ಬರುವ ಸೋಮವಾರ ಬೆಳಗ್ಗೆ ಓಡುವ ಬಸ್ಸಿನಲ್ಲಿ ನಿಂತು ತೋರಿಸಿದರೆ ಚೀಲ ನಿಮ್ಮದು, ಇಲ್ಲದಿದ್ದರೆ ಆ ಮಾರ್ಗಕ್ಕೆ ಬೇರೆಯವರನ್ನು ಹಾಕುತ್ತೇನೆ, ಜನ ಕಾಯುತ್ತಿದ್ದಾರೆ.

ಅಂದು ಶುಕ್ರವಾರ.

ಅಕ್ಕ ಬಟ್ಟಲನ್ನು ಎತ್ತಿಕೊಂಡು ಸೀದಾ ಶೆಡ್ಡಿಗೆ ಹೋದಳು. ತಮ್ಮ ಮೂಗಿಗೆ ಬಟ್ಟೆ ಕಟ್ಟಿಕೊಂಡು ದೂಳು ಹೊಡೆಯುತ್ತಿದ್ದ.

"ನಿನ್ನ ಯಂತ್ರದ ಅಲಗು ಸವೆದಿದೆ ಕಣೋ. ನಾನು ತೆಗೆದದ್ದೇ ಒಂದು, ಅದು ಕೆತ್ತಿದ್ದೇ ಒಂದು."

ತಮ್ಮ ಬಟ್ಟೆ ಕೆಳಗೆಳೆದ. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಇದೇ ಅಲಗಲ್ಲಿ ನಿನ್ನೆ ಟಪಾಲಿನವರ ಕಾಲು ಕೆತ್ತಿದೆ. ಹಾಕ್ಕೊಂಡು ಕುಣೀತಾ ಹೋದ್ರು. ಮೊನ್ನೆ ಆ ಮುದುಕಪ್ಪಂದು. ಅವರು ಯಾರೂ ನೆಲ ಡೊಂಕು ಅನ್ನಲಿಲ್ಲ."

"ಹಾಗಾದ್ರೆ ನನಗೆ ಕೆಲಸ ಬರಲ್ಲ ಅಂತೀಯಾ?"

"ನಾನು ಹಾಗಂದ್ನಾ? ನೀನೇ ಅಂದ್ಕೊಂಡ್ರೆ ನಾನೇನು ಮಾಡ್ಲಿ!"

ಅಲ್ಲಿಂದ ಮಾತಿಗೆ ಮಾತು ಬೆಳೆಯಿತು. ಚಿಕ್ಕವರಿದ್ದಾಗ ಯಾರು ಯಾರ ಬಳಪ ಮುರಿದದ್ದು ಅನ್ನುವ ತನಕ ಹೋಗಿ ನಿಂತಿತು. ಹೊರಗೆ ಬೆಂಚಿನ ಮೇಲಿದ್ದ ಕಂಡಕ್ಟರಮ್ಮ ಅಲ್ಲಿಂದಲೇ ಕೂಗಿದಳು: "ಜಗಳ ಆಡೋರು ಹಿಂದಿನ ಸೀಟಿಗೆ ಹೋಗಿ! ಗಾಡಿ ಹೊರಡಬೇಕು!"

ಅಕ್ಕ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿದಳು.

ಅಕ್ಕ ಸೋಲುವ ಪೈಕಿ ಅಲ್ಲ. ಬೇಗ ರೇಗುವವಳು, ಆದರೆ ಒಂದು ಗಂಟು ಕೈಗೆ ಸಿಕ್ಕಿತು ಅಂದರೆ ಉಗುರು ಸವೆದರೂ ಬಿಡುವವಳಲ್ಲ. ಅಲಗು ಬದಲಿಸಲು ಹೇಳಿದಳು. ತಮ್ಮ ಗೊಣಗುತ್ತಲೇ ಹೊಸದು ಹಾಕಿದ. ಹಳೆಯದನ್ನು ಬೆಳಕಿಗೆ ಹಿಡಿದು ನೋಡಿದರೆ ಅದರ ಬಾಯಿ ನೆಟ್ಟಗೇ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಆಮೇಲೆ ಅವಳ ಕಣ್ಣು ಗೋಡೆಯ ಹಲಗೆಯ ಮೇಲೆ ಬಿತ್ತು. ಈ ವಾರ ಕಂಡಕ್ಟರಮ್ಮನಿಗಾಗಿ ಕೆತ್ತಿದ್ದ ಮೂರು ಬಿಳಿ ಅಚ್ಚುಗಳು ಅಲ್ಲಿ ಸಾಲಾಗಿ ನಿಂತಿದ್ದವು. ಅವನ್ನು ಕೆಳಗಿಳಿಸಿ ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿಕೊಂಡು ಒಂದೊಂದನ್ನೇ ಹೆಬ್ಬೆರಳಿನಿಂದ ಸವರಿದಳು. ಹೊರಮಗ್ಗುಲಿನ ಆ ಗೋಲಿಯ ಜಾಗ. ಮೊದಲನೆಯದರಲ್ಲಿ ಒಂದಿಷ್ಟು ಉಬ್ಬು. ಎರಡನೆಯದರಲ್ಲಿ ಅಷ್ಟೇ. ಮೂರನೆಯದರಲ್ಲೂ ಅಷ್ಟೇ. ಜಾಗ ಬಿಟ್ಟಷ್ಟೂ ಅಚ್ಚು ಅಲ್ಲಿ ಇನ್ನಷ್ಟು ಉಬ್ಬಬೇಕಿತ್ತು.

"ಲೋ, ಇಲ್ಲಿ ಬಾ. ಈ ಮೂರಕ್ಕೂ ಏನು ವ್ಯತ್ಯಾಸ ಹೇಳು."

ತಮ್ಮ ಸವರಿದ. "ಏನೂ ಇಲ್ಲ."

"ಮೂರೂ ಬೇರೆ ಬೇರೆ ಇರಬೇಕು ಕಣೋ."

"ಬೇರೆ ಇರೋಕೆ ಅದೇನು ಮೂರು ಹೆಂಗಸರ ಕಾಲಾ? ಒಬ್ಬರದ್ದೇ ಅಲ್ವಾ?" ಅಂದವನು, ತಾನೇ ಇನ್ನೊಂದು ಸಲ ಸವರಿ ನೋಡಿದ.

ಅಕ್ಕ ನಡುಕೋಣೆಗೆ ಬಂದು ಕಂಪ್ಯೂಟರಿನ ಮುಂದೆ ಕೂತಳು. ಕಂಡಕ್ಟರಮ್ಮನ ಕಾಲಿನ ಆಕಾರ ತೆರೆದಳು. ಅದರ ಮುಂಭಾಗದಲ್ಲಿ, ಯಾವ ಕಾಲಿನಲ್ಲೂ ಇರಲಾರದ ಜಾಗದಲ್ಲಿ, ಒಂದು ಗುಂಡಿ ತೋಡಿದಳು. ಕುರುಡನಿಗೂ ಸಿಗುವಂಥ ಗುಂಡಿ, ನಿಂಬೆಹಣ್ಣು ಕೂರಿಸಬಹುದು. ಅದನ್ನು ಐದನೆಯ ಫೈಲು ಅಂತ ಉಳಿಸಿ, ಎರಡು ಕಂಪ್ಯೂಟರಿಗೂ ಸೇರಿದ ಫೋಲ್ಡರಿಗೆ ಹಾಕಿದಳು. "ಹಾಕಿದೀನಿ, ಕೆತ್ತು" ಅಂತ ಬಾಗಿಲಿನಿಂದ ಕೂಗಿದಳು. ಗುಂಡಿಯ ವಿಷಯ ಹೇಳಲಿಲ್ಲ.

ಯಂತ್ರ ಕಿರುಚಿತು. ಶೆಡ್ಡಿನ ಬಾಗಿಲ ಸಂದಿಯಿಂದ ಬಿಳಿ ದೂಳು ಹಿಟ್ಟಿನಂತೆ ಹೊರಗೆ ಬಂತು. ಸದ್ದು ನಿಂತ ಮೇಲೆ ತಮ್ಮ ಅಚ್ಚನ್ನು ಮಗುವಿನಂತೆ ಎತ್ತಿಕೊಂಡು ಬಂದ. ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಗುಂಡಿ ಇಲ್ಲ. ನುಣ್ಣಗಿತ್ತು.

"ನೀನು ಯಾವುದನ್ನ ಕೆತ್ತಿದೆ?"

"ಕೆಳಗಿಂದು."

"ಕೆಳಗಿಂದು ಅಂದ್ರೆ?"

"ಅಪ್ಪ ಹೇಳಿಲ್ವಾ, ಪಟ್ಟೀಲಿ ಕೆಳಗಿರೋದೇ ಹೊಸದು, ಹೆಸರು ಓದ್ತಾ ಕೂರಬೇಡ ಅಂತ? ಕೆಳಗಿಂದೇ ಕೆತ್ತಿದೆ."

ಅಪ್ಪ ಹಾಗೆ ಹೇಳಿದ್ದು ನಿಜ. ಫೈಲಿನ ಹೆಸರು ಅಂದರೆ ಆಸ್ಪತ್ರೆಯ ಉದ್ದನೆಯ ಸಂಖ್ಯೆ, ಅದರ ಬಾಲಕ್ಕೆ ಒಂದು, ಎರಡು, ಮೂರು. ಪಟ್ಟಿಯ ಅಂಕಣ ಕಿರಿದು, ಬಾಲ ಕಾಣುತ್ತಲೇ ಇರಲಿಲ್ಲ. ಓದಿ ಓದಿ ಕಣ್ಣು ನೋಯಿಸಿಕೊಳ್ಳುವ ಬದಲು ಕೆಳಗಿನದನ್ನು ಒತ್ತುವುದೇ ಆ ಮನೆಯ ಪದ್ಧತಿಯಾಗಿತ್ತು. ಅಲ್ಲಿಯವರೆಗೆ ಅದು ಯಾರ ಕಾಲನ್ನೂ ಕಂದಿಸಿರಲಿಲ್ಲ.

ಅಕ್ಕ ಅವನ ಹಿಂದೆಯೇ ಶೆಡ್ಡಿಗೆ ಹೋಗಿ, ದೂಳು ಹಿಡಿದ ಪರದೆಯನ್ನು ಸೆರಗಿನಿಂದ ಒರೆಸಿ ನೋಡಿದಳು. ಕಂಡಕ್ಟರಮ್ಮನ ಫೋಲ್ಡರು ತೆರೆದೇ ಇತ್ತು. ಒಳಗೆ ಎರಡೇ ಫೈಲು. ಅಂಕಣವನ್ನು ಅಗಲಕ್ಕೆ ಎಳೆದಳು. ಬಾಲ ಕಂಡಿತು: ಒಂದು, ಎರಡು. ಒಂದು ಸ್ಕ್ಯಾನರಿನಿಂದ ಬಂದ ಬರಿಯ ಆಕಾರ, ಎರಡು ಮೊದಲ ಬಟ್ಟಲಿಗೆ ತಿದ್ದಿದ್ದು. ಅಷ್ಟೇ.

"ಐದು ಎಲ್ಲೋ?"

"ನೀನು ಹಾಕಿದ್ರೆ ತಾನೇ ಇರೋದು?"

"ಹಾಕಿದೀನಿ."

"ಬಂದಿಲ್ಲ."

ಅಕ್ಕ ನಡುಕೋಣೆಗೆ ಓಡಿದಳು. ಅವಳ ಪರದೆಯಲ್ಲಿ ಐದೂ ಫೈಲು ಒಂದರ ಕೆಳಗೊಂದು ಪಾಠಶಾಲೆಯ ಮಕ್ಕಳಂತೆ ನಿಂತಿದ್ದವು. "ಇಲ್ಲಿದೆ!" ಅಂತ ಕೂಗಿದಳು. "ಇಲ್ಲಿಲ್ಲ!" ಅಂತ ಶೆಡ್ಡಿನಿಂದ ಕೂಗು ಬಂತು. "ಇದೆ ಕಣೋ!" "ಇಲ್ಲ ಕಣೇ!" ಅಮ್ಮ ಹೊಲಿಗೆ ನಿಲ್ಲಿಸಿ, ಸೂಜಿಯನ್ನು ಬಾಯಲ್ಲಿ ಕಚ್ಚಿಕೊಂಡೇ ಹೇಳಿದಳು: "ಒಂದೇ ಮನೇಲಿ ಒಬ್ಬಳಿಗೆ ಇದೆ, ಒಬ್ಬನಿಗೆ ಇಲ್ಲ. ಮದುವೆಯಾದ ಮೇಲೆ ಆಗೋದು ಇವರಿಗೆ ಮೊದಲೇ ಆಯ್ತು."

ಕಂಪ್ಯೂಟರಿನ ತಾಪತ್ರಯಕ್ಕೆಲ್ಲ ಅವರು ಕರೆಯುತ್ತಿದ್ದುದು ಕೇಬಲ್ಲಣ್ಣನನ್ನು. ಓದಿದವನು, ಕೆಲಸ ಬಲ್ಲವನು. ಆದರೆ ಊರಿನ ಅರ್ಧ ಮಹಡಿಗಳ ಮೇಲೆ ಅವನದೇ ತಂತಿ, ಸಿಗುವುದೇ ಕಷ್ಟ. ಅಕ್ಕ ಫೋನು ಹಚ್ಚಿದಾಗ ಗಾಳಿಯ ಸದ್ದಿನ ನಡುವೆ ಅವನ ದನಿ ಕೇಳಿಸಿತು.

"ಏಣಿ ಮೇಲಿದೀನಿ ಅಕ್ಕೋ. ಸುತ್ತಿ ಬಳಸಿ ಹೇಳಬೇಡಿ."

ಅಕ್ಕ ಹೇಳಿದಳು.

"ಮೇಲಿನ ಸಾಲಲ್ಲಿ ಎಫ್ ಐದು ಅಂತ ಇದೆಯಲ್ಲ, ಅದನ್ನ ಒತ್ತೋಕೆ ಹೇಳಿ ಅವನಿಗೆ."

ತಮ್ಮ ಒತ್ತಿದ. ಪರದೆ ಒಮ್ಮೆ ರೆಪ್ಪೆ ಮಿಟುಕಿಸಿತು. ಮೂರು, ನಾಲ್ಕು, ಐದು, ಮೂರೂ ಬಂದು ಸಾಲಿನಲ್ಲಿ ನಿಂತವು. ತಮ್ಮ ಕುರ್ಚಿಯಿಂದ ಎದ್ದೇಬಿಟ್ಟ. "ಅಂದ್ರೆ ಇಷ್ಟು ದಿನ ನಾನು..."

"ಎರಡನ್ನೇ ಕೆತ್ತಿದೀಯ. ಸಲಸಲಕ್ಕೂ ಎರಡನ್ನೇ."

"ನಿನ್ನೆ ಟಪಾಲಿನವರದ್ದು ಸರಿ ಬಂತಲ್ಲ?"

ಅದಕ್ಕೂ ಉತ್ತರ ಸಿಕ್ಕಿತು, ಇಬ್ಬರೂ ತಲೆ ಕೆರೆದುಕೊಂಡ ಮೇಲೆ. ಉಳಿದವರ ಫೋಲ್ಡರನ್ನು ತಮ್ಮ ಕೆಲಸಕ್ಕೆ ಕೂತಾಗ ಹೊಸದಾಗಿ ತೆರೆಯುತ್ತಿದ್ದ, ಮುಗಿದ ಮೇಲೆ ಮುಚ್ಚುತ್ತಿದ್ದ. ಕಂಡಕ್ಟರಮ್ಮ ಹೇಗೂ ಮತ್ತೆ ಬರುತ್ತಾಳೆ ಅಂತ ಅವಳದನ್ನು ಮಾತ್ರ ತೆರೆದೇ ಬಿಟ್ಟಿದ್ದ. ಚಳಿಯಲ್ಲಿ ಆ ಕಂಪ್ಯೂಟರು ಬೆಳಗ್ಗೆ ಏಳಲು ಸತಾಯಿಸುತ್ತದೆ ಅಂತ ಆರಿಸುವುದನ್ನೂ ಬಿಟ್ಟಿದ್ದ. ತೆರೆದಿಟ್ಟ ಪಟ್ಟಿ ತೆರೆದ ದಿನದ್ದಾಗಿಯೇ ಉಳಿದಿತ್ತು.

ತಮ್ಮ ಒಂದು ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ 'ಎಫ್ ಐದು ಒತ್ತು' ಅಂತ ಬರೆದು ಪರದೆಯ ಮೇಲಂಚಿಗೆ ಅಂಟಿಸಿದ. "ಮುಗೀತು. ಇನ್ನು ಮೇಲೆ ಒತ್ತಿ ಕೆತ್ತೋದು."

"ಮುಗೀಲಿಲ್ಲ" ಅಂದಳು ಅಕ್ಕ.

"ಇನ್ನೇನೇ?"

"ನನ್ನ ಕಂಪ್ಯೂಟರಲ್ಲಿ ನಾನು ಏನೂ ಒತ್ತಲ್ಲ, ತಾನಾಗೇ ಬರುತ್ತೆ. ನಿನ್ನದರಲ್ಲಿ ಯಾಕೆ ಬರಲ್ಲ? ನೀನು ಒಂದು ದಿನ ಒತ್ತೋದು ಮರೀತೀಯ. ಆ ದಿನಾನೂ ಯಾರದೋ ಒಂದು ಕಾಲು ಆಗ್ತಿರುತ್ತೆ."

"ನಾನು ಮರೆಯಲ್ಲ."

"ನಿನ್ನೆ ಪಾಯಸದ ಪಾತ್ರೆ ಒಲೆ ಮೇಲೆ ಮರೆತೋರು ಯಾರು?" ಅಂದಳು ಅಮ್ಮ ಮೂಲೆಯಿಂದ.

ಕಂಡಕ್ಟರಮ್ಮ ಅಷ್ಟರಲ್ಲಿ ಊರುಗೋಲು ಊರಿಕೊಂಡು ಶೆಡ್ಡಿನ ಬಾಗಿಲಿಗೆ ಬಂದಿದ್ದಳು. ಆಗಿದ್ದನ್ನು ಅಕ್ಕ ಮುಚ್ಚಿಡದೆ ಹೇಳಿದಳು: ಮೂರು ಸಲವೂ ನಿಮಗೆ ಕೊಟ್ಟದ್ದು ಒಂದೇ ಬಟ್ಟಲು, ತಪ್ಪು ನಮ್ಮದು. ಕಂಡಕ್ಟರಮ್ಮ ಒಂದು ಗಳಿಗೆ ಇಬ್ಬರ ಮುಖವನ್ನೂ ನೋಡಿದಳು.

"ಬೈಯೋದಕ್ಕೆ ಸೋಮವಾರ ಸಂಜೆ ಬರ್ತೀನಿ" ಅಂದಳು. "ಈಗ ಪುರುಸೊತ್ತಿಲ್ಲ. ನಾಳೆ ಬರಲಾ, ನಾಳಿದ್ದು ಬರಲಾ?"

"ನಾಳಿದ್ದು ಬೆಳಗ್ಗೆ ಬನ್ನಿ. ಅಚ್ಚು ಕೆತ್ತಿ, ಬಟ್ಟಲು ಎಳೆದು, ಆರಬೇಕಲ್ಲ."

ಶನಿವಾರ ಬೆಳಗ್ಗೆ ಅಕ್ಕ ಆ ಗಂಟನ್ನು ಮತ್ತೆ ಕೈಗೆತ್ತಿಕೊಂಡಳು. ಗುಂಡಿ ಇಲ್ಲದ ಆರನೆಯ ಫೈಲು ತಯಾರಾಗಿತ್ತು, ಕೆತ್ತಿಸಿಬಿಡಬಹುದಿತ್ತು. ಆದರೆ ಯಂತ್ರಕ್ಕೆ ಕೊಡುವ ಮೊದಲು ಆ ಪಟ್ಟಿಯನ್ನು ನಂಬಬೇಕು ಅನ್ನುವುದು ಅವಳ ಹಟ. ನೋಡುವ ಬಗೆಯೂ ಸುಲಭದ್ದೇ. ಅವಳು ನಡುಕೋಣೆಯಲ್ಲಿ ಕೂತು ಸುಳ್ಳು ಫೈಲೊಂದನ್ನು ಫೋಲ್ಡರಿಗೆ ಹಾಕುವುದು, ತಮ್ಮ ಏನೂ ಮುಟ್ಟದೆ ಪರದೆಯನ್ನು ನೋಡುತ್ತಾ ಕೂರುವುದು.

"ಬಂತಾ?"

"ಇಲ್ಲ."

"ಈಗ?"

"ಇಲ್ಲ... ಹಾಂ! ಬಂತು, ಬಂತು!"

ಅಕ್ಕ ಓಡಿ ಬಂದಳು. ತಮ್ಮನ ಬೆರಳು ಎಫ್ ಐದರ ಮೇಲಿತ್ತು.

"ಒತ್ತಬೇಡ ಅಂದ್ನಲ್ಲೋ!"

"ಚೀಟಿ ಅಂಟಿಸಿದೀನಲ್ಲೇ! ಓದಿದ ತಕ್ಷಣ ಕೈ ಹೋಯ್ತು!"

ಚೀಟಿ ಕಿತ್ತರು. ಅವನ ಎರಡು ಕೈಯನ್ನೂ ತೊಡೆಯ ಕೆಳಗೆ ಇರಿಸಿಕೊಳ್ಳಲು ಹೇಳಿದಳು. ಮತ್ತೆ ಹಾಕಿದಳು. ಬರಲಿಲ್ಲ. ಕಂಪ್ಯೂಟರನ್ನು ಪೂರ್ತಿ ಆರಿಸಿ ಹಚ್ಚಿದರು. ಅದು ಸೋಮಾರಿ ಅಳಿಯನಂತೆ ಆಕಳಿಸುತ್ತಾ ಎದ್ದಿತು. ಆಮೇಲೆ ಹಾಕಿದ ಫೈಲೂ ಬರಲಿಲ್ಲ. ಗೋಡೆಗುಂಟ ಹೋಗಿದ್ದ ತಂತಿಯನ್ನು ಹಿಡಿದು, ಇಲಿ ಕಡಿದಿದೆಯೇನೋ ಅಂತ ಕೊನೆಯವರೆಗೂ ಸವರಿದರು, ನೆಟ್ಟಗಿತ್ತು. ಡಿಸ್ಕು ತುಂಬಿರಬಹುದು ಅಂತ ಹಳೆಯ ಕಸ ಅಳಿಸಿದರು. ಜಾಗವಾಯಿತು, ಪಟ್ಟಿ ಮಾತ್ರ ಕದಲಲಿಲ್ಲ. ತಮ್ಮನಿಗೂ ಈಗ ಛಲ ಹತ್ತಿತ್ತು. ಒಂದು ಸಲ ತಾನೇ ಒಂದು ಖಾಲಿ ಫೋಲ್ಡರನ್ನು ತನ್ನ ಕಂಪ್ಯೂಟರಿನಲ್ಲಿಯೇ ಮಾಡಿ ನೋಡಿದ. ಅದೂ ಕಾಣಲಿಲ್ಲ, ಒತ್ತಿದ ಮೇಲೆ ಕಂಡಿತು.

"ಅಕ್ಕಾ, ಇಲ್ಲಿ ನೋಡು. ನೀನು ಹಾಕಿದ್ದು ಮಾತ್ರ ಅಲ್ಲ, ನಾನು ಇಲ್ಲೇ ಮಾಡಿದ್ದೂ ಬರಲ್ಲ. ಅಂದ್ರೆ ತಂತೀದೂ ಅಲ್ಲ, ನಿನ್ನದೂ ಅಲ್ಲ. ರೋಗ ಇಲ್ಲೇ ಇದೆ, ಈ ಫೈಲ್ ಮ್ಯಾನೇಜರಲ್ಲೇ."

ಅಕ್ಕ ಅವನ ಬೆನ್ನಿಗೆ ಒಂದು ಗುದ್ದಿದಳು. ಮೆಚ್ಚುಗೆಯ ಗುದ್ದು.

ಮತ್ತೆ ಕೇಬಲ್ಲಣ್ಣನಿಗೆ ಫೋನು. ಈ ಸಲ ಅವನು ಏಣಿಯಿಂದ ಇಳಿದಿದ್ದ, ಏನೋ ತಿನ್ನುತ್ತಿದ್ದ. ತಾವು ಮಾಡಿ ನೋಡಿದ್ದನ್ನೆಲ್ಲ ಅಕ್ಕ ಒಂದೊಂದಾಗಿ ಹೇಳಿದಾಗ ಅಗಿಯುವುದನ್ನು ನಿಲ್ಲಿಸಿದ.

"ಎಡಗಡೆ ಡ್ರೈವುಗಳ ಸಾಲು ಇದೆಯಲ್ಲ, ಅದರಲ್ಲಿ ಯಾವುದಾದ್ರೂ ಸತ್ತದ್ದು ನೇತಾಡ್ತಿದೆಯಾ? ಕೆಂಪು ಗುರುತು ಇರುತ್ತೆ ನೋಡಿ. ಈಗ ಇಲ್ಲದ ಕಂಪ್ಯೂಟರಿನದ್ದು."

ಅಕ್ಕ ನೋಡಿದಳು. ತಮ್ಮನೂ ನೋಡಿದ.

"ಇದೆಯಾ?" ಅಂದ ಕೇಬಲ್ಲಣ್ಣ.

"ಇದೆ" ಅಂದಳು ಅಕ್ಕ.

"ಅದೇ ಇರಬೇಕು. ಸುದ್ದಿ ತರೋ ಆಳು ಒಬ್ಬನೇ ಅಂದ್ಕೊಳ್ಳಿ. ಅವನು ಹೋಗಿ ಆ ಖಾಲಿ ಮನೆ ಬಾಗಿಲು ಬಡೀತಾ ನಿಂತುಬಿಡ್ತಾನೆ, ಈಗ ತೆಗೀತಾರೆ, ಆಗ ತೆಗೀತಾರೆ ಅಂತ. ಬೇರೆ ಮನೆಗಳ ಸುದ್ದಿ ಯಾರು ತರಬೇಕು? ಅದನ್ನ ಕಿತ್ತು ಹಾಕಿ, ಕಂಪ್ಯೂಟರ್ ಒಮ್ಮೆ ಆರಿಸಿ ಹಚ್ಚಿ. ಆಗದೇ ಇದ್ರೆ ನಾನೇ ಬರ್ತೀನಿ, ಆದ್ರೆ ಮಂಗಳವಾರದ ಒಳಗೆ ಆಗಲ್ಲ."

ಕೆಂಪು ಗುರುತಿನ ಪಕ್ಕ ಎರಡಕ್ಷರದ ಹೆಸರು: 'ಅಪ್ಪ'. ಮುಂದಿನ ಕೋಣೆಯಲ್ಲಿ ಅಪ್ಪನ ಕಂಪ್ಯೂಟರಿದ್ದ ಕಾಲದಲ್ಲಿ ಎಲ್ಲರ ಆಕಾರವೂ ಮೊದಲು ಅವರ ಬಳಿಗೆ ಹೋಗಿ, ಅವರು ಸೈ ಅಂದ ಮೇಲೆ ಶೆಡ್ಡಿಗೆ ಬರುತ್ತಿತ್ತು. ಅದಕ್ಕೆ ಆ ಹೆಸರಿಟ್ಟವನು ತಮ್ಮನೇ. ಅಪ್ಪ ತೀರಿಕೊಂಡ ಮೇಲೆ ಆ ಕಂಪ್ಯೂಟರೂ ಕೆಟ್ಟಿತು, ಗುಜರಿಯವನು ಒಯ್ದ. ಪರದೆಯಲ್ಲಿ ಹೆಸರು ಮಾತ್ರ ಉಳಿದಿತ್ತು. ಅಕ್ಕ ತನ್ನ ಕಂಪ್ಯೂಟರಿನಲ್ಲಿ ಅದನ್ನು ಅಂದೇ ತೆಗೆದಿದ್ದಳು. ಇವನು ತೆಗೆದಿಲ್ಲ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ.

ತಮ್ಮ ಮೌಸಿನಿಂದ ಕೈ ತೆಗೆದ. "ಅದು ಅದರ ಪಾಡಿಗೆ ಇದೆ. ಯಾರಿಗೆ ಏನು ಮಾಡ್ತಿದೆ ಅದು? ಎಫ್ ಐದು ಒತ್ತಿದ್ರೆ ಆಯ್ತಲ್ಲ. ನಾನು ಮರೆಯಲ್ಲ ಅಂತ ಹೇಳಿದೀನಲ್ಲ."

"ಲೋ..."

"ಬೆಳಗ್ಗೆ ಬಂದು ಕೂತಾಗ ಕಾಣುತ್ತೆ ಅಕ್ಕಾ. ಅಷ್ಟೇ."

ಜಗಳವಾಡಿ ಗೆಲ್ಲುವ ಮಾತು ಇದಲ್ಲ. ತಾನೇ ಬಗ್ಗಿ ಒತ್ತಿಬಿಡಬಹುದಿತ್ತು, ಮೌಸು ಒಂದು ಗೇಣು ದೂರದಲ್ಲಿತ್ತು. ಅವಳ ಕೈ ಹೋಗಲಿಲ್ಲ. ಹಾಗಂತ ಎದ್ದೂ ಹೋಗಲಿಲ್ಲ. ಅವನ ಪಕ್ಕದಲ್ಲಿ ಬಕೆಟ್ಟು ಬೋರಲು ಹಾಕಿಕೊಂಡು ಕೂತಳು.

"ನಾಳೆ ಬೆಳಗ್ಗೆ ಅವರು ಬರ್ತಾರೆ ಕಣೋ" ಅಂದಳು ಕೊನೆಗೆ. "ನಾಳಿದ್ದು ಬಸ್ಸು."

ಹೊಲಿಗೆ ಯಂತ್ರದ ಸದ್ದು ನಿಂತು ತುಸು ಹೊತ್ತಾಗಿತ್ತು. ಅಮ್ಮ ಬಾಗಿಲಲ್ಲಿ ನಿಂತಿದ್ದಳು, ಕೊರಳಲ್ಲಿ ಅಳತೆಯ ಪಟ್ಟಿ.

"ಕೇಳಿಸ್ತು" ಅಂದಳು. "ಆ ಮನುಷ್ಯ ಇದ್ದಾಗ ಒಬ್ಬರ ಕಾಲು ಒಂದು ದಿನ ತಡವಾದ್ರೆ ತಟ್ಟೆ ಮುಂದೆ ಕೂರ್ತಿರಲಿಲ್ಲ. ಈಗ ಅವರ ಹೆಸರು ಹೇಳ್ಕೊಂಡು ತಡ ಮಾಡ್ತೀರಾ? ಅವರೇ ಇದ್ದಿದ್ರೆ ಎಂದೋ ಕಿತ್ತು ಬಿಸಾಕ್ತಿದ್ರು, ಜೊತೆಗೆ ನಿನಗೂ ಎರಡು ಬಿಡ್ತಿದ್ರು. ತೆಗಿ ಮಗನೇ."

ತಮ್ಮ ಅದರ ಮೇಲೆ ಒತ್ತಿದ. ನಿಜವಾಗಿಯೂ ತೆಗೆಯಬೇಕೇ ಅಂತ ಕಂಪ್ಯೂಟರು ಕೇಳಿತು. "ಇದೊಂದು ಬೇರೆ ಕೇಳುತ್ತೆ" ಅಂತ ಗೊಣಗಿ ಹೌದು ಅಂದ. ಸಾಲಿನಲ್ಲಿ ಆ ಹೆಸರಿದ್ದ ಜಾಗಕ್ಕೆ ಕೆಳಗಿನದು ಮೇಲೆ ಸರಿಯಿತು. ಅಮ್ಮ ತನ್ನ ಮೂಲೆಗೆ ಹೋದಳು. ಅಲ್ಲಿಂದ ಹೊಲಿಗೆಯ ಸದ್ದು ಬರಲು ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು.

ಆರಿಸಿ ಹಚ್ಚಿದರು. ತಮ್ಮ ಫೋಲ್ಡರು ತೆರೆದು, ಯಾರೂ ಹೇಳದೆ ಕೈಗಳನ್ನು ತೊಡೆಯ ಕೆಳಗೆ ಇರಿಸಿಕೊಂಡ. ಅಕ್ಕ ನಡುಕೋಣೆಯಿಂದ ಸುಳ್ಳು ಫೈಲು ಹಾಕಿದಳು. ಕೂಗಲಿಲ್ಲ, ಕಾದಳು.

"ಬಂತು!" ಅಂದ ತಮ್ಮ.

"ಮುಟ್ಟಿದೆಯಾ?"

"ಆಣೆ ಅಕ್ಕಾ, ಕೈ ಮರಗಟ್ಟಿದೆ. ತಾನಾಗೇ ಬಂತು!"

ಇನ್ನೊಂದು ಹಾಕಿದಳು, ಬಂತು. ಅಳಿಸಿದಳು, ಹೋಯಿತು. ಅವಳು ಹಾಕುವುದು, ಅವನು ಬಂತು ಅನ್ನುವುದು. ಬೇಕಾದ್ದಕ್ಕಿಂತ ಹೆಚ್ಚೇ ಸಲ ಆಡಿಸಿ ನೋಡಿದರು. ಆಮೇಲೆ ಅಂಕಣವನ್ನು ಬಾಲ ಕಾಣುವಷ್ಟು ಅಗಲಕ್ಕೆ ಎಳೆದು ಬಿಟ್ಟರು. ಇನ್ನು ಮೇಲೆ ಕೆಳಗಿನದು ಅಂತ ಕೆತ್ತುವುದಲ್ಲ, ಅಕ್ಕ ಸಂಖ್ಯೆ ಹೇಳಬೇಕು, ತಮ್ಮ ತಿರುಗಿ ಹೇಳಬೇಕು ಅಂತಾಯಿತು.

"ಆರು!" ಅಂತ ಕೂಗಿದಳು ಅಕ್ಕ.

"ಆರು!" ಅಂತ ಶೆಡ್ಡಿನಿಂದ ಬಂತು. ಯಂತ್ರ ಕಿರುಚಿತು.

ಭಾನುವಾರ ಬೆಳಗ್ಗೆ ಕಂಡಕ್ಟರಮ್ಮ ಹೊಸ ಬಟ್ಟಲಿಗೆ ಕಾಲಿಟ್ಟು, ನಡೆದು ನೋಡಲೆಂದು ಮುಂದಿನ ಕೋಣೆಯಲ್ಲಿ ಹಾಕಿದ್ದ ಜೋಡಿ ಕಂಬಿಗಳ ನಡುವೆ ಎದ್ದು ನಿಂತಳು. ಹೊರಮಗ್ಗುಲು ಮುಟ್ಟಿಕೊಂಡಳು. ಮುಖದಲ್ಲಿ ಒಂದು ಬೆಳಕು ಹಾದುಹೋಯಿತು. "ಓರಗಿತ್ತಿ ಊರಿಗೆ ಹೋದಳು" ಅಂದಳು. ಎರಡು ಹೆಜ್ಜೆ ಇಟ್ಟು ನಿಂತಳು. "ಆದ್ರೆ ನಾದಿನಿ ಬಂದಳು."

ಮಂಡಿಯ ಹಿಂದೆ, ಬಟ್ಟಲಿನ ಅಂಚು ಮಾಂಸವನ್ನು ಒತ್ತುತ್ತಿತ್ತು. ಅಕ್ಕ ಬಗ್ಗಿ ನೋಡಿದಳು. ಹಿಂದಿನ ಅಂಚನ್ನು ಅವಳೇ ಮೂರನೆಯ ಫೈಲಿನಿಂದ ಎತ್ತರಿಸುತ್ತಾ ಬಂದಿದ್ದಳು. ಅವಳ ಯಾವ ತಿದ್ದುಪಡಿಯೂ ಅಚ್ಚಾಗಿರಲಿಲ್ಲವಾದ್ದರಿಂದ ಅದು ತಪ್ಪು ಅಂತ ತಿಳಿಯಲು ದಾರಿಯೇ ಇರಲಿಲ್ಲ.

"ಇದು ಯಂತ್ರದ್ದಲ್ಲ. ಇದು ನಾನು ಮಾಡಿದ್ದು" ಅಂದಳು.

"ಎಫ್ ಐದು ಒತ್ಕೊಳ್ಳೇ ಅಕ್ಕಾ" ಅಂದ ತಮ್ಮ. ಇಂಥ ಹೊತ್ತಿಗಾಗಿ ಅವನು ಎರಡು ದಿನದಿಂದ ಕಾಯುತ್ತಿದ್ದ.

ಮತ್ತೆ ಕೆತ್ತುವ ಅಗತ್ಯವಿರಲಿಲ್ಲ. ಅಕ್ಕ ಅಂಚನ್ನು ಬಿಸಿಗಾಳಿಯ ಯಂತ್ರದಿಂದ ಮೆತ್ತಗಾಗಿಸಿ, ದಪ್ಪ ಕೈಗವಸು ಹಾಕಿದ ಹೆಬ್ಬೆರಳಿನಿಂದ ಹೊರಕ್ಕೆ ಮಡಚಿದಳು. ತಣಿದ ಮೇಲೆ ಅರದಿಂದ ಉಜ್ಜಿದಳು. ಹಾಕಿಸಿ ನೋಡಿದಳು, ಬಿಚ್ಚಿಸಿ ಮತ್ತೆ ಉಜ್ಜಿದಳು. ಬಿಸಿಲು ಬೆಂಚಿನಿಂದ ನೆಲಕ್ಕಿಳಿದು ಹೊಸ್ತಿಲು ದಾಟಿತು. ಕಂಡಕ್ಟರಮ್ಮ ಒಂದು ಸಲವೂ ಸಾಕು ಅನ್ನಲಿಲ್ಲ, ಅಕ್ಕನೂ ಅನ್ನಲಿಲ್ಲ. ಕೊನೆಗೆ ಕಂಬಿ ಬಿಟ್ಟು ನಡೆದಳು. ಮಹಡಿಯ ಮೆಟ್ಟಿಲು ಹತ್ತಿ ಇಳಿದಳು. ಬಿಚ್ಚಿ ನೋಡಿದರೆ ಚರ್ಮ ಎಲ್ಲ ಕಡೆ ಒಂದೇ ಬಣ್ಣ.

"ನೆಲದ ಮೇಲೆ ಯಾರು ಬೇಕಾದ್ರೂ ನಿಲ್ತಾರೆ" ಅಂದಳು ಕಂಡಕ್ಟರಮ್ಮ. "ನನಗೆ ಬಸ್ಸು ಬೇಕು."

ಫೋಮಿನ ದಿಮ್ಮಿ ತರುವ ಕೈಗಾಡಿ ಅಂಗಳದಲ್ಲಿತ್ತು. ಅವಳನ್ನು ಅದರ ಮೇಲೆ ನಿಲ್ಲಿಸಿದರು. ತಮ್ಮ ಎಳೆದ, ಅಕ್ಕ ಪಕ್ಕದಲ್ಲಿ ಕೈ ಚಾಚಿಕೊಂಡು ಓಡಿದಳು. ಮೊದಲ ತಿರುವಿಗೆ ಕಂಡಕ್ಟರಮ್ಮ ಅಕ್ಕನ ಭುಜ ಹಿಡಿದಳು. ಎರಡನೆಯದಕ್ಕೆ ಬೆರಳು ತಾಗಿಸಿದಳು. ಮೂರನೆಯ ಸುತ್ತಿನಲ್ಲಿ ತಮ್ಮ ಹೇಳದೆ ಕೇಳದೆ ಗಕ್ಕನೆ ನಿಲ್ಲಿಸಿದ. ಅವಳು ಮುಂದಕ್ಕೆ ವಾಲಿ, ಹೊಸ ಕಾಲನ್ನು ಒತ್ತಿ ನಿಂತುಕೊಂಡು, ಕೈಯೆತ್ತಿ ಅವನ ತಲೆಗೆ ಒಂದು ಮೊಟಕಿದಳು.

"ಡ್ರೈವರ್ ಸಾಹೇಬ್ರೇ, ಕುರಿ ತುಂಬಿದೀರಾ ಗಾಡೀಲಿ? ಮುಂದೆ ನಡೀರಿ, ಮುಂದೆ ನಡೀರಿ, ಹಿಂದೆ ಜಾಗ ಇದೆ!"

ಅಮ್ಮ ಬೆಲ್ಟು ಬಿಗಿ ಮಾಡುತ್ತಾ ಹೇಳಿದಳು: "ಇಷ್ಟು ಬೈಯೋಕೆ ಬಂತು ಅಂದ್ರೆ ಕಾಲು ಸರಿ ಕೂತಿದೆ."

ಸೋಮವಾರ ಅಕ್ಕ ಅರ, ಬಿಸಿಗಾಳಿಯ ಯಂತ್ರ, ಮೆತ್ತೆಯ ತುಂಡು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಡಿಪೋಗೆ ಹೋದಳು. ಸಾಹೇಬರು ಖಾಲಿ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತು, ಡ್ರೈವರಿಗೆ ಸನ್ನೆ ಮಾಡಿದರು. ಬಸ್ಸು ಅಂಗಳ ಸುತ್ತಿತು. ಕಂಡಕ್ಟರಮ್ಮ ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ನಡೆದಳು, ಮತ್ತೆ ಹಿಂದಕ್ಕೆ. ತಿರುವಿನಲ್ಲಿ ಕಂಬಿಗೆ ಸೊಂಟ ಆನಿಸಿ ಎರಡು ಕೈಯನ್ನೂ ಬಿಟ್ಟಳು, ಹಳೆಯ ಅಭ್ಯಾಸದ ಪ್ರಕಾರ. ಬ್ರೇಕು ಹಾಕಿದಾಗಲೂ ಹೊಸ ಕಾಲನ್ನು ಒತ್ತಿ ನೆಟ್ಟಗೆ ನಿಂತಳು. ಬಸ್ಸು ನಿಂತ ಮೇಲೆ ಸಾಹೇಬರು ನೋವಿದೆಯಾ ಅಂತ ಕೇಳಿದರು. ಕಂಡಕ್ಟರಮ್ಮ ಪಕ್ಕದ ಮೆಟ್ಟಿಲಿನಿಂದ ಇಳಿದು, ಅಕ್ಕನನ್ನು ಗೋಡೆಯ ಮರೆಗೆ ಕರೆದು, ಬಟ್ಟಲು ಬಿಚ್ಚಿ ತೋರಿಸಿದಳು. ಅಕ್ಕ ಹೆಬ್ಬೆರಳಿನಿಂದ ಸುತ್ತಲೂ ಸವರಿದಳು.

"ಏನೂ ಇಲ್ಲ" ಅಂದಳು. "ಹೋಗಿ."

ಸಾಹೇಬರು ಚೀಲ ತರಿಸಿ ಕೊಟ್ಟರು. ಅಷ್ಟರಲ್ಲಿ ಜನ ಹತ್ತತೊಡಗಿದ್ದರು. ಕಂಡಕ್ಟರಮ್ಮ ಚೀಲವನ್ನು ಹೆಗಲಿಗೇರಿಸಿ, ಆಸ್ಪತ್ರೆಗೆ ಹಿಂದಿರುಗಿಸಬೇಕಾದ ಊರುಗೋಲುಗಳನ್ನು ಅಕ್ಕನ ಕೈಗಿತ್ತು, ಮೆಟ್ಟಿಲು ಹತ್ತಿ, "ಬೈಯೋದು ಬಾಕಿ ಇದೆ, ಸಂಜೆ ಸಿಗ್ತೀನಿ!" ಅಂತ ಕೂಗಿ ಶಿಳ್ಳೆ ಹಾಕಿದಳು. ಬಸ್ಸು ಹೊರಟಿತು. ಕಂಡಕ್ಟರಮ್ಮ ನಿಂತುಕೊಂಡೇ ಹೋದಳು, ಸೋಮವಾರ ಬೆಳಗ್ಗೆ.